ಪೂಜೆಗೆ ಇಟ್ಟ ಮಗ್ಗ

ನಮ್ಮಪ್ಪನಂಥ ಹಠಮಾರಿಯನ್ನು ಈ ಊರಲ್ಲಿ ನಾನು ಇನ್ನೊಬ್ಬರನ್ನು ನೋಡಿಲ್ಲ. ಅವರ ಜೊತೆ ಇಷ್ಟು ವರ್ಷ ಬಾಳಿ ನನಗೂ ಅದೇ ರೋಗ ಅಂಟಿಕೊಂಡಿದೆ ಎಂದು ನಮ್ಮ ಲೈನಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಈ ದಸರಾದಲ್ಲಿ ನಮ್ಮಿಬ್ಬರಿಗೂ ಆ ರೋಗ ಇಲ್ಲದೇ ಹೋಗಿದ್ದರೆ ಮಗ್ಗ ಲಾರಿ ಹತ್ತಿ ಹೋಗಿರುತ್ತಿತ್ತು.

ಲೈನ್ ಅಂದರೆ ಮಿಲ್ಲಿನವರು ಕೆಲಸಗಾರರಿಗಾಗಿ ಕಟ್ಟಿಸಿದ ಮನೆಗಳು. ರಾಯಪುರಂ ದಾಟಿ ಮುಂದೆ, ಗಾಳಿ ತಿರುಗಿದಾಗ ಮಣಲಿಯ ಎಣ್ಣೆ ಕಾರ್ಖಾನೆಯ ವಾಸನೆ ಮೂಗಿಗೆ ಬಡಿಯುವ ಕಡೆ, ಗೋಡೆಗೆ ಗೋಡೆ ಅಂಟಿಕೊಂಡು ನಿಂತಿವೆ. ಬಟ್ಟೆ ಮಿಲ್ಲು ನಡೆಯುತ್ತಿದ್ದಾಗ ತಮಿಳರು, ತೆಲುಗರು, ಉರ್ದು ಮಾತಾಡುವವರು, ಚಾಮರಾಜನಗರ ಕೊಳ್ಳೇಗಾಲದ ಕಡೆಯಿಂದ ಬಂದ ನಮ್ಮಂಥ ನೇಕಾರರು, ಎಲ್ಲರೂ ಇಲ್ಲೇ. ಈಗ ಮಿಲ್ಲಿಲ್ಲ. ಅದರ ಜಾಗದಲ್ಲಿ ತಲೆ ಎತ್ತಿ ನೋಡಿದರೆ ಕತ್ತು ನೋಯುವಷ್ಟು ಎತ್ತರದ ಅಪಾರ್ಟ್‌ಮೆಂಟ್ ಎದ್ದಿದೆ. ಸ್ಪಿಂಡಲ್ ಗಾರ್ಡನ್ಸ್ ಎಂದು ಹೆಸರು. ಅದರ ಲಾಬಿಯಲ್ಲಿ, ಸೋಫಾಗಳ ಪಕ್ಕ, ಸುತ್ತ ಕೆಂಪು ಹಗ್ಗ ಕಟ್ಟಿ, ಮೇಲಿಂದ ದೀಪ ಬಿಟ್ಟು, ನಮ್ಮ ಮಿಲ್ಲಿನ ಒಂದೇ ಒಂದು ಮಗ್ಗವನ್ನು ಶೋಕಿಗೆ ನಿಲ್ಲಿಸಿದ್ದಾರೆ. ನೇಯುವ ಮಗ್ಗ ನಿಲ್ಲಿಸಿಕೊಂಡು ನೂಲುವ ಸ್ಪಿಂಡಲ್ಲಿನ ಹೆಸರು ಇಟ್ಟುಕೊಂಡವರಿಗೆ ಯಾರು ಬುದ್ಧಿ ಹೇಳುವುದು.

ನವರಾತ್ರಿಗೆ ಇನ್ನೂ ಸ್ವಲ್ಪ ದಿನ ಇರುವಾಗ ಸಮೀರ್ ಮನೆ ಬಾಗಿಲಿಗೆ ಬಂದ. ಲೈನಿನ ತುದಿಯಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟವನು, ನಲವತ್ತು ದಾಟಿದ ಗಂಡಸು. ಅವನ ತಾತ ಮಿಲ್ಲಿನಲ್ಲಿ ಮಗ್ಗ ರಿಪೇರಿ ಮಾಡುವ ಫಿಟ್ಟರ್ ಆಗಿದ್ದರು. ಅಪಾರ್ಟ್‌ಮೆಂಟಿನ ಅರ್ಧ ಗಾಡಿಗಳು ಅವನ ಕೈಯಲ್ಲೇ ರಿಪೇರಿ ಆಗುವುದರಿಂದ ಅಲ್ಲಿನ ಸುದ್ದಿಯೆಲ್ಲ ಅವನಿಗೆ ಗೊತ್ತು. ನಾವು ಮಾತಾಡಿಕೊಳ್ಳುವುದು ತಮಿಳಿನಲ್ಲಿ.

"ಉಷಾಕ್ಕ, ಮಗ್ಗ ಹೋಗ್ತಾ ಇದೆ," ಎಂದ. "ಲಾಬಿನ ಹೊಸದಾಗಿ ಮಾಡ್ತಾರಂತೆ. ಯಾವುದೋ ರೆಸಾರ್ಟಿನವರು ತಗೊಂಡಿದ್ದಾರೆ. ವಿಜಯದಶಮಿ ಮಧ್ಯಾಹ್ನ ಲಾರಿ ಬರುತ್ತೆ."

ನಾನು ಒಳಗೆ ನೋಡಿದೆ. ಅಪ್ಪ ಮಂಚದ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಕಿವಿ ಮಂದ ಎಂದು ನಾವು ಅಂದುಕೊಂಡಿರುವುದು. ಬೇಕಾದ್ದು ಅವರಿಗೆ ಚೆನ್ನಾಗಿಯೇ ಕೇಳಿಸುತ್ತದೆ. ಲೋಟ ಕೆಳಗಿಟ್ಟರು.

"ಹಂಗಾರೆ ನಾನು ಎತ್ತೋದು ಯಾವಾಗಮ್ಮಿ?" ಎಂದರು.

ಈ ಎತ್ತುವುದು ಏನೆಂದು ಹೇಳಬೇಕು. ಮಿಲ್ಲಿನಲ್ಲಿ ಆಯುಧಪೂಜೆ ಅಂದರೆ ನಮಗೆ ದೀಪಾವಳಿಗಿಂತ ದೊಡ್ಡ ಹಬ್ಬ. ಆ ಒಂದು ದಿನ ಗೇಟು ತೆಗೆದು ಹೆಂಗಸರು ಮಕ್ಕಳನ್ನೆಲ್ಲ ಒಳಗೆ ಬಿಡುತ್ತಿದ್ದರು. ಹಿಂದಿನ ದಿನವೇ ಗಂಡಸರು ಮಗ್ಗಗಳನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ತೊಳೆದು, ಗಂಧ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿರುತ್ತಿದ್ದರು. ಪುರಿ ಕಡಲೆಯ ಪೊಟ್ಟಣ ಕೈಯಲ್ಲಿ ಹಿಡಿದು ನಾನು ಅಪ್ಪನ ಹಿಂದೆ ಆ ಉದ್ದದ ಶೆಡ್ಡಿನಲ್ಲಿ ನಡೆಯುತ್ತಿದ್ದೆ. ಮಗ್ಗಗಳ ಸದ್ದಿನಲ್ಲಿ ವರ್ಷವಿಡೀ ಕೂಗಿ ಕೂಗಿ ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದ ಗಂಡಸರು ಅವತ್ತು ಮಾತ್ರ ಅಲ್ಲಿ ಪಿಸುಗುಟ್ಟುತ್ತಿದ್ದರು. ಪೂಜೆ ಆದ ಮೇಲೆ ಮಗ್ಗ ಮುಟ್ಟುವ ಹಾಗಿಲ್ಲ. ಮರುದಿನ ವಿಜಯದಶಮಿ ಬೆಳಗ್ಗೆ, ಪೂಜೆಗೆ ಇಟ್ಟ ಮೇಸ್ತ್ರಿಯೇ ಬಂದು, ಕೈಮುಗಿದು, ಒಂದು ಸಲವಾದರೂ ಓಡಿಸಿ ಅದನ್ನು ಎತ್ತಬೇಕು. ಆಗಲೇ ಪೂಜೆ ಪೂರ್ತಿಯಾಗುವುದು. ಅಪ್ಪ, ಹೆಸರು ನಂಜುಂಡ, ನೇಯುವ ಶೆಡ್ಡಿನ ಮೇಸ್ತ್ರಿ. ಅವರ ಕಡೆಯ ಸಾಲುಗಳನ್ನು ಪೂಜೆಗೆ ಇಡುತ್ತಿದ್ದವರೂ ಅವರೇ, ಎತ್ತುತ್ತಿದ್ದವರೂ ಅವರೇ.

ನಾನು ಎಗ್ಮೋರಿನ ವಿಮಾ ಕಚೇರಿಗೆ ಸೇರಿದ ಹೊಸದರಲ್ಲಿ ಒಂದು ವರ್ಷ ಪೂಜೆ ಎಂದಿನ ಹಾಗೇ ನಡೆಯಿತು. ಮರುದಿನ ಬೆಳಗ್ಗೆ ಅಪ್ಪ ಹೊಸ ಪಂಚೆ ಉಟ್ಟು, ಹೂವು ಹಣ್ಣು ಹಿಡಿದು ಹೋದರು. ಗೇಟಿಗೆ ಬೀಗ. ಪಕ್ಕದಲ್ಲಿ ಪೊಲೀಸ್ ವ್ಯಾನು. ನಷ್ಟ, ಮುಚ್ಚಿದ್ದೇವೆ, ಅಷ್ಟೆ. ಪೂಜೆಯ ದಿನ ನಮ್ಮ ಕೈಯಿಂದಲೇ ಪ್ರಸಾದ ಇಸಿದುಕೊಂಡು ತಿಂದ ಮಾಲೀಕರಿಗೆ ಅವತ್ತೇ ಗೊತ್ತಿತ್ತಂತೆ. ಇಂಥವರನ್ನು ಏನನ್ನಬೇಕು. ನಾನು ಏನಂದೆನೋ ಅದನ್ನು ಇಲ್ಲಿ ಹೇಳುವ ಹಾಗಿಲ್ಲ.

ಆಮೇಲೆ ಎಲ್ಲರೂ ಒಂದೊಂದು ದಾರಿ ಹಿಡಿದರು. ಬೇರೆ ಕಡೆ ಸಣ್ಣ ಸಣ್ಣ ಮಗ್ಗದ ಶೆಡ್ಡುಗಳಿದ್ದವು, ಅಪ್ಪನಂಥ ಮೇಸ್ತ್ರಿ ಸಿಕ್ಕಿದರೆ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಮನೆಗೇ ಬಂದು ಕರೆದರು. ಅಪ್ಪ ಹೋಗಲಿಲ್ಲ. "ಪೂಜೆಗೆ ಮಡಗಿರೋದ ಎತ್ತದೆ ಇನ್ನೊಂದು ಮಗ್ಗ ಹೆಂಗೆ ಮುಟ್ಟಾನ?" ಎಂದರು. ಬಂದರಿನ ಹತ್ತಿರ ಒಂದು ಗೋಡೌನಿಗೆ ಕಾವಲುಗಾರನಾಗಿ ಸೇರಿಕೊಂಡರು. ಮೇಸ್ತ್ರಿ ಎನಿಸಿಕೊಂಡವರು ಕೋಲು ಹಿಡಿದು ಸ್ಟೂಲಿನ ಮೇಲೆ ಕೂತರು. ಅಮ್ಮ ಮನೆಯಲ್ಲೇ ಇಡ್ಲಿ ಬೇಯಿಸಿ ಮಾರಿ ಮಾರಿ ಸೊಂಟ ಬೀಳಿಸಿಕೊಂಡು ಸತ್ತಳು. ಆ ಸಿಟ್ಟು ನನಗೆ ಇವತ್ತಿಗೂ ಇದೆ. ದೇವರ ಮೇಲಿನ ಭಕ್ತಿಯಿಂದ ಅಲ್ಲ, ಸೊಕ್ಕಿನಿಂದ ಹಾಗೆ ಮಾಡಿದರು ಎಂದು ಬಹಳ ಕಾಲ ಅಂದುಕೊಂಡಿದ್ದೆ. ಬೀಗ ಹಾಕಿದವರು ಹಾಕಲಿ, ಕೆಲಸ ಮುಗಿಯಿತು ಎಂದು ನಾನು ಒಪ್ಪುವುದಿಲ್ಲ ಎನ್ನುವ ಸೊಕ್ಕು.

ಈಗ ಅಪ್ಪನಿಗೆ ಎಂಬತ್ತು ಕಳೆದಿದೆ. ಒಂದು ಕಣ್ಣು ಪೂರ್ತಿ ಹೋಗಿದೆ. ಇರುವ ಆಸೆ ಒಂದೇ. ಆ ಮಗ್ಗ ಎತ್ತಬೇಕು. ಮಗ್ಗ ನಿಮ್ಮ ಸಾಲಿನದೇ ಎಂದು ಏನು ಗ್ಯಾರಂಟಿ ಎಂದು ಒಮ್ಮೆ ಕೇಳಿದ್ದೆ. "ಯಾವ್ದಾದ್ರೇನು, ಎಲ್ಲಾನೂ ಒಂದೇ ಪೂಜೆಗೆ ಮಡಗಿದ್ದು," ಎಂದಿದ್ದರು. ಇಷ್ಟು ವರ್ಷ ಒಳಗೆ ಬಿಡುವವರಿರಲಿಲ್ಲ. ಈಗ ಅದೂ ಹೊರಟುಹೋಗುತ್ತದೆ ಅಂದರೆ ಈ ಮನುಷ್ಯ ಮನಸ್ಸಿನಲ್ಲಿ ಅದನ್ನೇ ಇಟ್ಟುಕೊಂಡು ಸಾಯುತ್ತಾನೆ. ಅದು ನನ್ನಿಂದ ನೋಡುವುದಕ್ಕಾಗುವುದಿಲ್ಲ. ಇದನ್ನೊಂದು ಮುಗಿಸಿ ಕೈ ತೊಳೆದುಕೊಂಡುಬಿಡಬೇಕು ಎಂದು ಸೀರೆ ಬದಲಾಯಿಸಿ ಹೊರಟೆ.

ಅಪಾರ್ಟ್‌ಮೆಂಟಿನ ಸಂಘದ ಸೆಕ್ರೆಟರಿ ಮಧುಸೂದನ್. ತಿರುವಲ್ಲಿಕ್ಕೇಣಿಯಲ್ಲಿ ತಲೆಮಾರುಗಳಿಂದ ಇದ್ದ ವೈಷ್ಣವರ ಮನೆತನ, ಬ್ಯಾಂಕಿನಿಂದ ನಿವೃತ್ತಿ. ಮನೆಮಾತು ಕನ್ನಡವೇ, ತಮಿಳು ಬೆರೆತದ್ದು. ಕನ್ನಡದವರು ಎಂದು ತಿಳಿದು ನನಗೆ ಅರ್ಧ ಕೆಲಸ ಆದ ಹಾಗೆ ಎನಿಸಿತು. ಆಗಿರಲಿಲ್ಲ.

"ಅದು ವಂದು ಅಸೆಟ್ ಮೇಡಂ," ಎಂದರು. "ಯಾರಿಗಾದ್ರೂ ಏಟು ಬಿದ್ರೆ ನಾನಲ್ವಾ ಪದಿಲ್ ಹೇಳೋದು? ಅದೂ ಅಲ್ದೆ ವಿತ್ತಾಗಿದೆ."

"ಮಾರಿದ್ದನ್ನ ವಾಪಸ್ ಕೇಳ್ತಿಲ್ಲ ಸಾರ್. ನಮ್ಮಪ್ಪ ಒಂದ್ಸಲ ಮುಟ್ಟಿ, ಚಕ್ರ ತಿರುಗಿಸಿ ಬರ್ತಾರೆ, ಅಷ್ಟೆ."

ಕಮಿಟಿ ಕೇಳಬೇಕು ಎಂದರು. ಮತ್ತೆ ಹೋದೆ. ಕಮಿಟಿ ಸೇರಿಲ್ಲ ಎಂದರು. ಮತ್ತೆ ಹೋದೆ. ಸೇರಿತ್ತು, ಇದು ಮಾತಿಗೆ ಬರಲಿಲ್ಲ ಎಂದರು. ವಿಮಾ ಕಚೇರಿಯಲ್ಲಿ ಕ್ಲೇಮಿಗೆ ಬಂದವರನ್ನು ಅಲೆಸುವವರ ನಡುವೆಯೇ ನನ್ನ ಆಯುಷ್ಯ ಕಳೆದಿದೆ. ಅಲೆಸುವ ಕಲೆ ನನಗೆ ಹೊಸದಲ್ಲ. ಅವರ ವಾಕಿಂಗ್ ಹೊತ್ತಿಗೆ ಸರಿಯಾಗಿ ಗೇಟಿನಲ್ಲಿ ನಿಲ್ಲಲು ಶುರುಮಾಡಿದೆ. ದಿನಾ ಬೆಳಗ್ಗೆ ನನ್ನ ಮುಖ ನೋಡಿ ನೋಡಿ ಅವರಿಗೇ ಸಾಕಾಗಿರಬೇಕು.

"ಶರಿ ಮೇಡಂ," ಎಂದರು ಒಂದು ದಿನ. "ಆಯುಧಪೂಜೆ ದಿನ ನಮ್ಮ ಬಿಲ್ಡಿಂಗಿಗೆ ಹೇಗೂ ಶಾಸ್ತ್ರಿಗಳು ಬರ್ತಾರೆ. ಲಿಫ್ಟು, ಜನರೇಟರು ಎಲ್ಲಕ್ಕೂ ಪೂಜೆ ಉಂಟು. ಮಗ್ಗಕ್ಕೂ ಮಾಡಿಸ್ತೀನಿ. ನಿಮ್ಮ ಫಾದರ್ ಬರ್ಲಿ, ಅವರ ಕೈಲೇ ಆರತಿ ಎತ್ತಿಸೋಣ. ಆಮೇಲೆ ಚಕ್ರ ತಿರುಗಿಸ್ಲಿ. ಫೋಟೋ ತೆಗ್ಸಿ ಗ್ರೂಪಲ್ಲಿ ಹಾಕೋಣ."

ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದಾರಿಯಲ್ಲೇ ಅಪ್ಪನಿಗೆ ಜರಿ ಅಂಚಿನ ಪಂಚೆ ಕೊಂಡೆ. ಸಮೀರನ ಅಂಗಡಿಯ ಮುಂದೆ ನಿಂತು ಹೇಳಿದೆ, ಭೋಜರಾಜ ಮಾಮನ ಮನೆಗೆ ಹೋಗಿ ಹೇಳಿದೆ. ಭೋಜರಾಜ ಮಾಮ ಅಪ್ಪನ ಕೈಕೆಳಗೆ ನೇಯುತ್ತಿದ್ದವರು, ಲೈನಿನಲ್ಲಿ ಉಳಿದಿರುವ ಹಳೇ ನೇಕಾರರಲ್ಲಿ ಅಪ್ಪನನ್ನು ಬಿಟ್ಟರೆ ಅವರೊಬ್ಬರೇ. ಅವರು ಏನೋ ಹೇಳಲು ಬಾಯಿ ತೆರೆದರು, ನಾನು ನಿಲ್ಲಲಿಲ್ಲ. ಮನೆಗೆ ಬಂದು ಪಂಚೆಯನ್ನು ಅಪ್ಪನ ತೊಡೆಯ ಮೇಲಿಟ್ಟೆ.

"ಒಪ್ಪಿದ್ರಪ್ಪ. ಆಯುಧಪೂಜೆ ದಿನ ಹೋಗೋದು."

ಅಪ್ಪ ಪಂಚೆಯ ಅಂಚನ್ನು ಬೆರಳಿನಲ್ಲಿ ಸವರಿ ನೋಡಿದರು. ನೂಲು ಚೆನ್ನಾಗಿಲ್ಲ ಎಂದರು. ಆಮೇಲೆ, "ಯಾವತ್ತು ಅಂದೆ?" ಎಂದರು.

"ಆಯುಧಪೂಜೆ ದಿನ."

"ಆಯುಧಪೂಜೆ ದಿನ ಮಗ್ಗ ಮುಟ್ತಾರಾ?"

ಅಪ್ಪ ಅಂಚಿನಿಂದ ಬೆರಳು ತೆಗೆದರು.

"ಅವತ್ತು ಮಡಗೋದು ಕಣಮ್ಮಿ. ಎತ್ತೋದು ಮಾರ್ನೆ ದಿನ. ಮಿಲ್ಲಲ್ಲೇ ಹುಟ್ಟಿ ಮಿಲ್ಲಲ್ಲೇ ಬೆಳದೋಳು ನೀನು. ಹಳೇ ಪೂಜೆನೇ ಎತ್ತಿಲ್ಲ, ಅದರ ಮೇಲೆ ಇನ್ನೊಂದು ಪೂಜೆ ಹೇರ್ಕೊಂಡು ಬಾ ಅಂತೀಯಲ್ಲ. ನಾ ಬರಾಕಿಲ್ಲ."

ಪಂಚೆಯನ್ನು ಮಡಚಿ ನನ್ನ ಕೈಗೇ ವಾಪಸು ಕೊಟ್ಟರು.

ಮೈ ಉರಿದುಹೋಯಿತು. ಅವರ ಮೇಲೂ, ನನ್ನ ಮೇಲೂ. ಪುರಿ ಕಡಲೆ ತಿಂದುಕೊಂಡು ಆ ಶೆಡ್ಡಿನಲ್ಲಿ ಓಡಾಡಿದವಳಿಗೆ, ಗೇಟಿಗೆ ಬೀಗ ಬಿದ್ದ ಬೆಳಗನ್ನು ಕಣ್ಣಾರೆ ನೋಡಿದವಳಿಗೆ, ಅದು ಹೇಗೆ ತಲೆಗೆ ಹೊಳೆಯಲಿಲ್ಲ? ಈ ಊರಿನಲ್ಲಿ ಆಯುಧಪೂಜೆ ಅಂದರೆ ಆಟೋಗಳಿಗೆ ಹೂವಿನ ಹಾರ, ರಸ್ತೆ ತುಂಬ ಒಡೆದ ಕುಂಬಳಕಾಯಿ, ಅದೇ ದೊಡ್ಡ ಹಬ್ಬ. ಮರುದಿನದ್ದು ಯಾರಿಗೂ ಲೆಕ್ಕಕ್ಕಿಲ್ಲ. ಮಧುಸೂದನ್ ಆ ದಿನ ಹೇಳಿದಾಗ ನಾನೂ ಬೀದಿಯವರ ಹಾಗೇ ತಲೆಯಾಡಿಸಿ ಬಂದಿದ್ದೆ. ಭೋಜರಾಜ ಮಾಮ ಬಾಯಿ ತೆರೆದದ್ದು ಯಾಕೆಂದು ಆಗ ಅರ್ಥವಾಯಿತು.

ಮರುದಿನ ಮತ್ತೆ ಗೇಟಿನಲ್ಲಿ ನಿಂತೆ. ಮಧುಸೂದನ್ ನನ್ನನ್ನು ಕಂಡು ನಡಿಗೆ ನಿಧಾನ ಮಾಡಿದರು.

"ಸಾರ್, ದಿನ ತಪ್ಪಾಯ್ತು. ವಿಜಯದಶಮಿ ಬೆಳಗ್ಗೆ ಬೇಕು."

"ಮೇಡಂ, ಅವತ್ತು ಸಾಧ್ಯಾನೇ ಇಲ್ಲ. ಬೆಳಗ್ಗೆ ಲಾಬಿಯಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸ. ಅಕ್ಕಿ ತಟ್ಟೆ, ಪೇರೆಂಟ್ಸು, ರೊಂಬ ಕೂಟ. ಮಧ್ಯಾಹ್ನ ಲಾರಿ ಬರುತ್ತೆ. ನಡುವಲ್ಲಿ ನಿಮ್ಮನ್ನ ಎಲ್ಲಿ ಹಾಕ್ಲಿ?"

"ನೀವು ಎಲ್ಲೂ ಹಾಕೋದು ಬೇಡ. ನಾವೇ ನಿಂತ್ಕೋತೀವಿ."

"ಪರ್ಮಿಷನ್ ಕೊಡಕ್ಕಾಗಲ್ಲ ಮೇಡಂ. ಕ್ಷಮಿಸ್ಬೇಕು."

"ಸರಿ. ನಾನು ಕೇಳೋಕೆ ಬಂದಿದ್ದೆ ಅಂತ ಅಂದ್ಕೋಬೇಡಿ. ಬರ್ತೀವಿ ಅಂತ ಹೇಳೋಕೆ ಬಂದೆ."

ಹೇಳಿ ಬಂದುಬಿಟ್ಟೆ. ಆಮೇಲೆ ಭಯವಾಯಿತು, ಅದು ಬೇರೆ ಮಾತು. ಎಂಬತ್ತು ದಾಟಿದ ಮುದುಕನನ್ನು ಗೇಟಿನಲ್ಲಿ ತಳ್ಳಿಬಿಟ್ಟರೆ? ಒಮ್ಮೆ ಬೀಗ ನೋಡಿ ವಾಪಸು ಬಂದ ಮನುಷ್ಯ. ಇನ್ನೊಮ್ಮೆ ಅದೇ ಗೇಟಿನಿಂದ ಅದೇ ದಿನ ವಾಪಸು ಬಂದರೆ ಆ ರಾತ್ರಿ ಊಟಕ್ಕೆ ಏಳುತ್ತಾರೋ ಇಲ್ಲವೋ. ಆದರೆ ಹೋಗದೇ ಇರುವುದು ಅದಕ್ಕಿಂತ ಕೆಟ್ಟದ್ದು. ಹಾಗೆಂದು ತೀರ್ಮಾನ ಮಾಡಿಕೊಂಡೆ.

ಆಯುಧಪೂಜೆಯ ದಿನ ಮನೆಯ ಮಿಕ್ಸಿಗೆ, ಹೊಲಿಗೆ ಮೆಷಿನ್ನಿಗೆ ಕುಂಕುಮ ಇಟ್ಟೆ. ಸಮೀರನ ಅಂಗಡಿಯ ಸ್ಪ್ಯಾನರುಗಳಿಗೂ ಪ್ರತಿವರ್ಷದಂತೆ ನಾನೇ ಹೋಗಿ ಹೂವು ಮುಡಿಸಿ ಬಂದೆ. ಅವನ ತಾತನ ಕಾಲದಿಂದ ನಮ್ಮ ಮನೆಯವರೇ ಅದನ್ನು ಮಾಡುವುದು, ರಂಜಾನಿಗೆ ಅವರ ಮನೆಯಿಂದ ನಮಗೆ ಖೀರು ಬರುವುದು. ಅಪ್ಪ ಮಂಚ ಬಿಟ್ಟು ಏಳಲಿಲ್ಲ. ಸಂಜೆ ಮಾತ್ರ, "ನಾಳೆ ಜಲ್ದಿ ಎಬ್ರಿಸು," ಎಂದರು.

ನಾನು ಎಬ್ಬಿಸುವುದಿರಲಿ, ನಾನು ಏಳುವಷ್ಟರಲ್ಲಿ ಅವರ ಸ್ನಾನ ಆಗಿತ್ತು. ನಾನು ತಂದ ಪಂಚೆಯನ್ನೇ ಉಟ್ಟಿದ್ದರು. ಭೋಜರಾಜ ಮಾಮ ಹಣೆಗೆ ವಿಭೂತಿ ಬಳಿದುಕೊಂಡು ಬಂದರು. ಸಮೀರ್ ಅಂಗಡಿ ಮುಚ್ಚಿ, ಒಂದು ಚೀಲ ಹೆಗಲಿಗೇರಿಸಿ ಬಂದ. ಅದರಲ್ಲೇನು ಎಂದರೆ, "ಬೇಕಾಗಬಹುದು," ಎಂದ. ನಾಲ್ಕು ಜನ ಹೊರಟೆವು. ಲೈನಿನ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ಎಲ್ಲಿಗೆಂದು ಎಲ್ಲರಿಗೂ ಗೊತ್ತಿತ್ತು.

ಗೇಟಿನ ಸೆಕ್ಯೂರಿಟಿ ಅಡ್ಡ ನಿಂತ. ಯಾವ ಫ್ಲ್ಯಾಟ್ ಎಂದ. ಅಪ್ಪ ಅವನನ್ನು ನೋಡಿ, "ವೀವಿಂಗ್ ಶೆಡ್," ಎಂದರು. ಅವನು ಅಂಥ ಬ್ಲಾಕ್ ಇದೆಯೋ ಏನೋ ಎಂದು ಇಂಟರ್‌ಕಾಮ್ ಎತ್ತಿದ. ಅಷ್ಟರಲ್ಲಿ ಮಧುಸೂದನ್ ತಾವೇ ಬಂದರು. ರೇಷ್ಮೆ ಪಂಚೆ, ಹಣೆಗೆ ನಾಮ, ಬೆವರು. ಹಿಂದೆ ಲಾಬಿಯಲ್ಲಿ ಮಕ್ಕಳ ಅಳು ಕೇಳುತ್ತಿತ್ತು.

"ಮೇಡಂ, ನಾನು ಹೇಳಿದ್ನಲ್ಲ," ಎಂದರು. ಅಪ್ಪನನ್ನು ನೋಡಿ ದನಿ ತಗ್ಗಿಸಿದರು. "ಹಿರಿಯರನ್ನ ಇಲ್ಲಿವರೆಗೂ ನಡೆಸ್ಕೊಂಡು ಬಂದಿದ್ದೀರಿ. ಇದು ಶರಿಯಾ?"

"ಸಾರ್, ಒಂದು ಕೇಳ್ತೀನಿ," ಎಂದೆ. "ನಿನ್ನೆ ಮಗ್ಗಕ್ಕೆ ಪೂಜೆ ಮಾಡಿಸಿದ್ರಾ?"

"ಮಾಡಿಸ್ದೆ. ಜೋರಾಗೇ ಮಾಡಿಸ್ದೆ. ನೀವೇ ಬರ್ಲಿಲ್ಲ."

"ಇವತ್ತು ಎತ್ತೋರು ಯಾರು?"

ಅವರು ತಿರುಗಿ ಲಾಬಿಯ ಕಡೆ ನೋಡಿದರು.

"ನಿಮ್ಮ ಮನೆಯಲ್ಲಿ ಚಿಕ್ಕವರಿದ್ದಾಗ ಪುಸ್ತಕ ಪೂಜೆಗೆ ಇಡ್ತಿದ್ರಲ್ಲ. ಮರುದಿನ ಬೆಳಗ್ಗೆ ಎತ್ತಿ ಒಂದು ಸಾಲಾದರೂ ಓದದೆ ಬಿಡ್ತಿದ್ರಾ? ಹಾಗೇ ಪೂಜೆಯಲ್ಲೇ ಬಿಟ್ಟು ರದ್ದಿಗೆ ಹಾಕ್ತಿದ್ರಾ?"

ನಾನು ಜೋರಾಗಿ ಕೇಳಿರಬೇಕು. ಅಕ್ಕಿ ತಟ್ಟೆ ಹಿಡಿದ ಒಬ್ಬ ತಾಯಿ ತಿರುಗಿ ನೋಡಿದಳು. ಮಧುಸೂದನ್ ಬೆವರು ಒರೆಸಿಕೊಂಡರು.

"ನಮ್ಮ ಅಜ್ಜಿ ಕಾಫಿನೇ ಕೊಡ್ತಿರ್ಲಿಲ್ಲ," ಎಂದರು. "ಪುಸ್ತಕ ಎತ್ತಿ ಓದಿದ್ ಮೇಲೇ ಕಾಫಿ." ಲಿಫ್ಟಿನ ಕಡೆ ಕೈ ತೋರಿಸಿದರು. "ನಿನ್ನೆ ಶಾಸ್ತ್ರಿಗಳು ಲಿಫ್ಟಿಗೆ ಮಾಡಿದ ಮೇಲೆ ಲಿಫ್ಟ್ ಓಡ್ತು, ಜನರೇಟರ್ ಓಡ್ತು. ಇದನ್ನ ಯಾರೂ ಯೋಚನೇನೇ ಮಾಡ್ಲಿಲ್ಲ." ಸೆಕ್ಯೂರಿಟಿಗೆ ಕೈಸನ್ನೆ ಮಾಡಿದರು. "ಬನ್ನಿ ಅಂಕಲ್. ನೋಡ್ಕೊಂಡು, ಮೆಟ್ಟಿಲಿದೆ."

ಲಾಬಿಯ ಒಂದು ಕಡೆ ಜಮಖಾನದ ಮೇಲೆ ಮಕ್ಕಳು, ಇನ್ನೊಂದು ಕಡೆ ಮಗ್ಗ. ಕಪ್ಪು ಬಣ್ಣ ಬಳಿದು ಫಳಫಳ ಹೊಳೆಯುವ ಹಾಗೆ ಮಾಡಿದ್ದರು. ನಿನ್ನೆಯ ಕುಂಕುಮ ಹಾಗೇ ಇತ್ತು, ಹೂವು ಬಾಡಿತ್ತು. ಶೋಕಿಗೆ ಬಣ್ಣಬಣ್ಣದ ನೈಲಾನ್ ದಾರ ಸುತ್ತಿದ್ದರು, ಹಾಸೂ ಅಲ್ಲ ಹೊಕ್ಕೂ ಅಲ್ಲ. ಅಪ್ಪ ಕೆಂಪು ಹಗ್ಗವನ್ನು ತಾವೇ ಬಿಚ್ಚಿ ಪಕ್ಕಕ್ಕಿಟ್ಟು ಒಳಗೆ ಹೋದರು. ಕುಂಕುಮ ನೋಡಿದರು.

"ಮಡಗವ್ರೆ ಅಂತೂ," ಎಂದು ಭೋಜರಾಜ ಮಾಮನ ಕಡೆ ತಿರುಗಿದರು. "ಒಳ್ಳೇದಾಯ್ತು ಬುಡು. ಹಳೇದೂ ಹೊಸದೂ ಒಟ್ಟಿಗೇ ಎತ್ತುಬುಡಾನ."

ಕೈಮುಗಿದರು. ಬಗ್ಗಿ ಮಗ್ಗದ ಚೌಕಟ್ಟಿಗೆ ಹಣೆ ಮುಟ್ಟಿಸಿದರು. ಆಮೇಲೆ ಪಕ್ಕದ ದೊಡ್ಡ ಚಕ್ರಕ್ಕೆ ಕೈ ಹಾಕಿದರು. ಕರೆಂಟಿಲ್ಲದೆ ಮಗ್ಗವನ್ನು ಕೈಯಲ್ಲಿ ಓಡಿಸುವುದು ಅದರಿಂದಲೇ. ಚಕ್ರ ಅಲುಗಲಿಲ್ಲ. ಎರಡೂ ಕೈ ಹಾಕಿ ಎಳೆದರು. ಕತ್ತಿನ ನರ ಉಬ್ಬಿತು. ಭೋಜರಾಜ ಮಾಮ ಸೇರಿಕೊಂಡರು. ಇಲ್ಲ. ಬಳಿದ ಬಣ್ಣವೂ ಒಳಗಿನ ತುಕ್ಕೂ ಸೇರಿ ಕಚ್ಚಿಕೊಂಡಿತ್ತು.

"ಪರವಾಗಿಲ್ಲ ಅಂಕಲ್," ಎಂದರು ಮಧುಸೂದನ್. "ಮುಟ್ಟಿದ್ರಲ್ಲ, ಅದೇ ಆಯ್ತು. ಪೆರುಮಾಳ್ ಒಪ್ಕೋತಾನೆ."

"ಆಗಿಲ್ಲ," ಎಂದರು ಅಪ್ಪ.

ಸಮೀರ್ ಚೀಲ ಬಿಚ್ಚಿದ. ಸೀಮೆಎಣ್ಣೆ, ಉಪ್ಪುಕಾಗದ, ಚಿಂದಿ ಬಟ್ಟೆ. ಅಮೃತಶಿಲೆಯ ನೆಲದ ಮೇಲೆ ಮಲಗಿ ಮಗ್ಗದ ಅಡಿಗೆ ತಲೆ ತೂರಿಸಿದ. ಮಧುಸೂದನ್, "ನೆಲ, ನೆಲ," ಎಂದರು. ನಾನು ಅಪ್ಪನ ಹೆಗಲಿನ ಟವಲು ತೆಗೆದು ಹಾಸಿದೆ. ಅದೂ ಸಾಲದೆ ಯಾರೋ ಹಳೇ ಪೇಪರು ತಂದುಕೊಟ್ಟರು. ಸಮೀರ್ ಉಜ್ಜಿದ, ಎಣ್ಣೆ ಬಿಟ್ಟ, ತಟ್ಟಿದ, ಮತ್ತೆ ಉಜ್ಜಿದ. ಅಕ್ಷರಾಭ್ಯಾಸದ ಪುರೋಹಿತರು ಮಂತ್ರ ನಿಲ್ಲಿಸಿ ನೋಡುತ್ತಿದ್ದರು. ಅಪ್ಪ ಚಕ್ರದಿಂದ ಕೈ ತೆಗೆಯಲೇ ಇಲ್ಲ. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ನನಗೆ ಆಗ ಅಳು ಬಂತು. ಈ ಮನುಷ್ಯನಿಗೆ ಇದ್ದದ್ದು ಸೊಕ್ಕಲ್ಲ, ನಾಚಿಕೆ ಎಂದು ಆಗ ಗೊತ್ತಾಯಿತು. ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದವನ ನಾಚಿಕೆ. ಬಿಡಿಸಿದವರಿಗೆ ಇರಲಿಲ್ಲ, ಇವರು ಹೊತ್ತುಕೊಂಡಿದ್ದರು.

"ಈಗ," ಎಂದ ಸಮೀರ್ ಕೆಳಗಿನಿಂದ.

ಅಪ್ಪ, ಭೋಜರಾಜ ಮಾಮ, ನಾನು, ಮೂವರೂ ಚಕ್ರ ಹಿಡಿದು ಎಳೆದೆವು. ಕಿರ್ ಎಂದಿತು. ಬಣ್ಣ ಬಿರಿದು ಉದುರಿತು. ಮತ್ತೆ ಎಳೆದೆವು. ಚಕ್ರ ತಿರುಗಿತು. ನೂಲು ಬಡಿಯುವ ಹಣಿಗೆ ನಿಧಾನವಾಗಿ ಹಿಂದಕ್ಕೆ ಹೋಗಿ, ನಿಂತು, ಮುಂದಕ್ಕೆ ಬಂದು ಧಡ್ ಎಂದು ಬಡಿಯಿತು. ಆ ಸದ್ದು ನೆಲದಿಂದ ನನ್ನ ಕಾಲಿಗೆ ಹತ್ತಿತು. ಮಕ್ಕಳೆಲ್ಲ ಅಳು ನಿಲ್ಲಿಸಿದರು. ಅಪ್ಪ ಇನ್ನೊಂದು ಸಲ ತಿರುಗಿಸಿದರು, ಈ ಸಲ ಒಬ್ಬರೇ. ಧಡ್.

"ಎತ್ತಾಯ್ತು," ಎಂದರು.

ಯಾರೋ ಚಪ್ಪಾಳೆ ತಟ್ಟಿದರು. ಮಧುಸೂದನ್ ಕಣ್ಣೊರೆಸಿಕೊಂಡರು. ನಾನು ಅಪ್ಪನ ತೋಳು ಹಿಡಿದು, "ಬನ್ನಿ, ಮನೆಗೆ ಹೋಗೋಣ," ಎಂದೆ. ಮುಗಿಯಿತಲ್ಲ, ಹೊತ್ತ ಭಾರ ಇಳಿಯಿತಲ್ಲ ಎಂದು ನನಗೆ ಜೀವ ಹಗುರಾಗಿತ್ತು.

ಅಪ್ಪ ಕದಲಲಿಲ್ಲ. ಕೈ ಮಗ್ಗದ ಮೇಲೆಯೇ ಇತ್ತು. ಬಾಗಿಲ ಕಡೆ ನೋಡುತ್ತಿದ್ದರು.

"ಯಾರನ್ನ ನೋಡ್ತಿದ್ದೀರಿ?"

"ಬದ್ಲಿ ಎಲ್ಲಿ?"

ನನಗೆ ಅರ್ಥವಾಗಲಿಲ್ಲ. ಭೋಜರಾಜ ಮಾಮ ಹೇಳಿದರು. "ಎತ್ತಿದ್ ಮಗ್ಗನ ಒಂಟಿಯಾಗಿ ಬುಟ್ಟೋಗಕೂಡ್ದು ಕಣಮ್ಮಿ. ಪಾಳಿ ಮುಗುದ್ರೂ ಮುಂದ್ಲ ಪಾಳಿಯೋನು ಬಂದು ಕೈ ಮಡಗೋಗಂಟ ಇವನು ಕೈ ತೆಗ್ಯಂಗಿಲ್ಲ. ಬದ್ಲಿ ಬರ್ದೆ ಹೋದ್ರೆ ಎರಡು ಪಾಳಿ ನಿಂತ್ಕಂಡೇ ಇದ್ದದ್ದುಂಟು ನಾವು."

"ನೀವು ಇಡಿ ಮಾಮ, ಕೈ."

"ನಾನು ನಿಮ್ಮಪ್ಪನ ಪಾಳಿಯೋನೇ. ನನ್ ಪಾಳಿನೂ ಮುಗೀತು."

ಸಮೀರ್ ಎದ್ದು ಕೈ ಒರೆಸಿಕೊಳ್ಳುತ್ತಿದ್ದ. ನಾನು ಅವನನ್ನು ನೋಡಿದೆ. "ನಾನು ಫಿಟ್ಟರ್ ಮನೆಯವನು ಅಕ್ಕ," ಎಂದ ಮೆಲ್ಲಗೆ. "ಕೆಟ್ಟರೆ ಕರೀರಿ, ಬರ್ತೀನಿ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಇದನ್ನು ಮುಗಿಸಲು ಬಂದವಳು, ಹಿಡಿಯಲು ಅಲ್ಲ. ನನಗೆ ನೇಯಲು ಬರುವುದಿಲ್ಲ. ಜೀವಮಾನವೆಲ್ಲ ಈ ಮಗ್ಗವನ್ನು ಬೈದುಕೊಂಡು ಬಂದಿದ್ದೇನೆ. ಅಪ್ಪ ಒಂದೇ ಕಣ್ಣಿನಿಂದ ನನ್ನನ್ನು ನೋಡಿದರು. ಕೇಳಲಿಲ್ಲ, ಕಾದರು. ಈ ಮನುಷ್ಯ ಹೀಗೆಯೇ ಎರಡು ಪಾಳಿ ನಿಲ್ಲುತ್ತಾನೆ ಎಂದು ನನಗೆ ಗೊತ್ತಿತ್ತು. ನಾನು ಕೈ ಇಟ್ಟೆ.

ಅಪ್ಪ ನನ್ನ ಹೆಬ್ಬೆರಳನ್ನು ಹಿಡಿದು ಹಣಿಗೆಯ ದಾರಿಯಿಂದ ಈಚೆಗೆ ಸರಿಸಿದರು. "ಇಲ್ಲಿ ಮಡಗು, ಇಲ್ದಿದ್ರೆ ಬೆರಳು ಹೋಯ್ತದೆ," ಎಂದರು. ಆಮೇಲೆ ತಮ್ಮ ಕೈ ತೆಗೆದರು. ಆ ಕೈಯನ್ನು ಪಂಚೆಗೆ ಒರೆಸಿಕೊಂಡು, "ಹೊಟ್ಟೆ ಹಸೀತಾ ಅದೆ ಕಣ್ಲಾ," ಎಂದು ಭೋಜರಾಜ ಮಾಮನ ಹೆಗಲು ಹಿಡಿದು ಹೊರಟರು. ತಿರುಗಿ ನೋಡಲಿಲ್ಲ. ಮಿಲ್ಲಿನಿಂದ ಪಾಳಿ ಮುಗಿಸಿ ಬರುವವರ ನಡಿಗೆ ಅದು, ಅವಸರವಿಲ್ಲದ್ದು. ಇಷ್ಟು ವರ್ಷ ಅವರು ಹಾಗೆ ನಡೆದದ್ದನ್ನು ನಾನು ನೋಡಿರಲಿಲ್ಲ.

ಮಕ್ಕಳ ಅಕ್ಷರಾಭ್ಯಾಸ ಮುಗಿಯಿತು. ಜಮಖಾನ ಸುತ್ತಿದರು. ಸಮೀರ್ ನನಗೆ ಟೀ ತಂದುಕೊಟ್ಟ, ಎಡಗೈಯಲ್ಲಿ ಕುಡಿದೆ. ಮಧ್ಯಾಹ್ನ ಲಾರಿ ಬಂತು. ನಾಲ್ಕು ಜನ ಗಟ್ಟಿಮುಟ್ಟಾದವರು ಹಗ್ಗ, ಮರದ ಹಲಗೆ ಹಿಡಿದು ಒಳಗೆ ಬಂದು ನನ್ನನ್ನು ನೋಡಿ ನಿಂತರು.

ಮಧುಸೂದನ್ ಹತ್ತಿರ ಬಂದರು. "ಮೇಡಂ, ಲಾರಿ ಬಂದಿದೆ."

"ಬರಲಿ ಸಾರ್. ಅವರಲ್ಲಿ ಯಾರಿಗಾದ್ರೂ ನೇಯೋಕೆ ಬರುತ್ತಾ ಕೇಳಿ. ಬಂದ್ರೆ ಈಗಲೇ ಕೈ ತೆಗೀತೀನಿ."

ಅವರು ಲಾರಿಯವರನ್ನು ನೋಡಿದರು, ನನ್ನನ್ನು ನೋಡಿದರು. ಫೋನ್ ತೆಗೆದು ಯಾರಿಗೋ ಮಾಡಲು ಹೋಗಿ, ಮಾಡದೆ ಜೇಬಿಗೆ ಹಾಕಿಕೊಂಡರು. ಆಮೇಲೆ ಸೆಕ್ಯೂರಿಟಿಯನ್ನು ಕರೆದು ಮೇಡಮ್ಮಿಗೆ ಒಂದು ಕುರ್ಚಿ ತರಲು ಹೇಳಿದರು.

ಕುರ್ಚಿ ಬಂತು. ನಾನು ಕೂರಲಿಲ್ಲ. ನಮ್ಮ ಮಿಲ್ಲಿನಲ್ಲಿ ಮಗ್ಗದ ಮುಂದೆ ಯಾರೂ ಕೂತು ಕೆಲಸ ಮಾಡಿದವರಲ್ಲ.